ಕಾಂತಕ್ಷೇತ್ರದ ಅಧೀನದಲ್ಲಿ ವಿದ್ಯುತ್ ಧ್ರುವೀಕರಣ: ಮಲ್ಟಿಫೆರೋಯಿಕ್ ವಸ್ತುಗಳ ಸ್ವರೂಪ ಮತ್ತು ಕರ್ನಾಟಕದ ಸಂಶೋಧನೆ

ಒಂದೇ ಸ್ಫಟಿಕದಲ್ಲಿ ಕಾಂತೀಯ ಕ್ರಮವೂ ವಿದ್ಯುತ್ ಧ್ರುವೀಕರಣದ ಕ್ರಮವೂ ಒಟ್ಟಿಗೆ ನೆಲೆಸಿದ್ದರೆ ಅಂತಹ ವಸ್ತುವನ್ನು ಮಲ್ಟಿಫೆರೋಯಿಕ್ ಎಂದು ಕರೆಯುವುದು ವಾಡಿಕೆ. ಈ ಎರಡು ಕ್ರಮಗಳು ಒಂದೇ ಮನೆಯಲ್ಲಿ ವಾಸಿಸುವುದು ಒಂದು ವಿಷಯ. ಒಂದರ ಮಾತನ್ನು ಇನ್ನೊಂದು ಕೇಳುವುದು ಬೇರೆಯೇ ವಿಷಯ. ಕಾಂತಕ್ಷೇತ್ರವನ್ನು ಪ್ರಯೋಗಿಸಿ ಸ್ಫಟಿಕದ ವಿದ್ಯುತ್ ಧ್ರುವೀಕರಣವನ್ನು ಹುಟ್ಟಿಸಲು, ತಿರುಗಿಸಲು ಅಥವಾ ಮಗುಚಲು ಸಾಧ್ಯವೇ ಎಂಬ ಪ್ರಶ್ನೆ ಕಳೆದ ಎರಡು ದಶಕಗಳ ಘನವಸ್ತು ವಿಜ್ಞಾನದಲ್ಲಿ ಪ್ರಮುಖ ಸ್ಥಾನವನ್ನು ಪಡೆದಿದೆ. ಈ ಅಧ್ಯಯನದಲ್ಲಿ ಬೆಂಗಳೂರಿನ ಪ್ರಯೋಗಾಲಯಗಳ ಪಾಲು ಗಣನೀಯವಾದುದು. ಅದರ ಪೂರ್ವಚರಿತ್ರೆಯ ಒಂದು ಎಳೆ ರಾಯಚೂರು ಜಿಲ್ಲೆಯು ಹಿಂದೆ ಸೇರಿದ್ದ ಹೈದರಾಬಾದ್ ಸಂಸ್ಥಾನದ ವಿಶ್ವವಿದ್ಯಾಲಯವನ್ನು ಹಾದುಬಂದಿದೆ ಎಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ.

ಮೊದಲಿಗೆ ಪರಿಭಾಷೆಯ ಬಗೆಗೆ ಒಂದು ಮಾತು. ಕನ್ನಡದಲ್ಲಿ 'ವಿದ್ಯುತ್ಕಾಂತ' ಎಂಬ ಪದ ಪಠ್ಯಪುಸ್ತಕಗಳಿಂದ ಬಳಕೆಗೆ ಬಂದು ನೆಲೆಯೂರಿದೆ. ತಂತಿಯ ಸುರುಳಿಯಲ್ಲಿ ವಿದ್ಯುತ್ ಹರಿದಾಗ ಕಾಂತಕ್ಷೇತ್ರ ಹುಟ್ಟುವುದು, ಕಾಂತಕ್ಷೇತ್ರ ಬದಲಾದಾಗ ಸುರುಳಿಯಲ್ಲಿ ವಿದ್ಯುತ್ ಹುಟ್ಟುವುದು ಇದರ ವ್ಯಾಪ್ತಿಗೆ ಸೇರುತ್ತವೆ. ಇಲ್ಲಿ ಚರ್ಚಿಸುತ್ತಿರುವುದು ಅದಲ್ಲ. ವಿದ್ಯುತ್ ಹರಿಯದ, ಅಂದರೆ ಅವಾಹಕವಾದ ಸ್ಫಟಿಕವೊಂದನ್ನು ಸ್ಥಿರವಾದ ಕಾಂತಕ್ಷೇತ್ರದಲ್ಲಿ ಇರಿಸಿದಾಗ ಅದರೊಳಗಿನ ಧನ ಮತ್ತು ಋಣ ಆವೇಶಗಳ ಕೇಂದ್ರಗಳು ಒಂದರಿಂದ ಒಂದು ಸರಿದು ಧ್ರುವೀಕರಣ ಉಂಟಾಗುವ ವಿದ್ಯಮಾನವಿದು. ಇದನ್ನು 'ಕಾಂತವಿದ್ಯುತ್ ಪರಿಣಾಮ' ಎಂದು ಬೇರೆಯಾಗಿಯೇ ಹೆಸರಿಸುವುದು ಯುಕ್ತ. ಪದಗಳ ಹಿಂದುಮುಂದು ಇಲ್ಲಿ ಅರ್ಥವನ್ನೇ ಬದಲಿಸುತ್ತದೆ.

ಕೆಂಪು ಮಣ್ಣು ಮತ್ತು ಹಸಿರು ಪುಡಿ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ದೋಆಬ್ ಪ್ರದೇಶದಲ್ಲಿ ದೇವದುರ್ಗವು ಕೃಷ್ಣೆಯ ಕಡೆಗೂ ಮಾನ್ವಿಯು ತುಂಗಭದ್ರೆಯ ಕಡೆಗೂ ಇವೆ. ಈ ಸೀಮೆಯಲ್ಲಿ ಎರೆ ಭೂಮಿಯ ಜೊತೆಗೆ ಕೆಂಪು ಮಣ್ಣಿನ ಹೊಲಗಳೂ ಇವೆ. ಆ ಕೆಂಪು ಬಣ್ಣಕ್ಕೆ ಮುಖ್ಯ ಕಾರಣ ಕಬ್ಬಿಣದ ಆಕ್ಸೈಡ್, ಅಂದರೆ ಹೆಮಟೈಟ್ ಎಂಬ ಖನಿಜ. ಕಾಂತವಿದ್ಯುತ್ ಪರಿಣಾಮದ ಚರಿತ್ರೆಯನ್ನು ಈ ಸಾಮಾನ್ಯ ಖನಿಜದಿಂದಲೇ ಆರಂಭಿಸಬಹುದು.

ಹೆಮಟೈಟ್ ಮತ್ತು ಕ್ರೋಮಿಯಂ ಆಕ್ಸೈಡ್ ಒಂದೇ ಬಗೆಯ ಸ್ಫಟಿಕ ರಚನೆಯುಳ್ಳವು. ಎರಡನೆಯದು ಹಸಿರು ವರ್ಣದ್ರವ್ಯವಾಗಿ ಬಣ್ಣದ ಉದ್ಯಮದಲ್ಲಿ ಬಳಕೆಯಲ್ಲಿದೆ. ಎರಡರಲ್ಲಿಯೂ ಲೋಹದ ಅಯಾನುಗಳು ಒಂದು ಅಕ್ಷದುದ್ದಕ್ಕೂ ನಾಲ್ಕು ನಾಲ್ಕರ ಸಾಲಾಗಿ ನಿಂತಿರುತ್ತವೆ. ಪ್ರತಿಯೊಂದು ಅಯಾನೂ ಒಂದು ಪುಟ್ಟ ಕಾಂತ. ಅದರ ದಿಕ್ಕನ್ನು ಸೂಚಿಸುವುದು ಎಲೆಕ್ಟ್ರಾನುಗಳ ಸ್ಪಿನ್. ಎರಡೂ ವಸ್ತುಗಳಲ್ಲಿ ಅರ್ಧದಷ್ಟು ಸ್ಪಿನ್‌ಗಳು ಒಂದು ಕಡೆಗೆ, ಉಳಿದರ್ಧ ಅದಕ್ಕೆ ವಿರುದ್ಧ ದಿಕ್ಕಿಗೆ ಇರುತ್ತವೆ. ಈ ವ್ಯವಸ್ಥೆಗೆ ಪ್ರತಿಫೆರೋಕಾಂತೀಯ ಕ್ರಮ ಎಂದು ಹೆಸರು. ವ್ಯತ್ಯಾಸವಿರುವುದು ಸಾಲಿನ ಅನುಕ್ರಮದಲ್ಲಿ ಮಾತ್ರ. ಹೆಮಟೈಟ್‌ನಲ್ಲಿ ಮೊದಲನೆಯದೂ ನಾಲ್ಕನೆಯದೂ ಒಂದು ದಿಕ್ಕಿಗೆ, ನಡುವಿನ ಎರಡು ವಿರುದ್ಧ ದಿಕ್ಕಿಗೆ. ಕ್ರೋಮಿಯಂ ಆಕ್ಸೈಡ್‌ನಲ್ಲಿ ಒಂದು ಬಿಟ್ಟು ಒಂದು ದಿಕ್ಕು ಬದಲಿಸುತ್ತವೆ.

ಅಲ್ಪವೆಂದು ತೋರುವ ಈ ವ್ಯತ್ಯಾಸದ ಫಲ ದೊಡ್ಡದು. ಅದನ್ನು ತಿಳಿಯಲು ಎರಡು ಕ್ರಿಯೆಗಳನ್ನು ಮನಸ್ಸಿನಲ್ಲಿ ನಡೆಸಬೇಕು. ಒಂದು, ಸ್ಥಳವಿಲೋಮನ: ಒಂದು ಬಿಂದುವನ್ನು ಕೇಂದ್ರವಾಗಿಟ್ಟುಕೊಂಡು ಪ್ರತಿಯೊಂದು ಕಣವನ್ನೂ ಅದರ ಎದುರುಬದಿಗೆ ಒಯ್ಯುವುದು. ಹೀಗೆ ಮಾಡಿದಾಗ ಧನ ಮತ್ತು ಋಣ ಆವೇಶಗಳ ಸ್ಥಾನಗಳು ಅದಲುಬದಲಾಗಿ ವಿದ್ಯುತ್ ಧ್ರುವೀಕರಣ ತಲೆಕೆಳಗಾಗುತ್ತದೆ. ಆದರೆ ಸುತ್ತುವ ಆವೇಶದಿಂದ ಹುಟ್ಟುವ ಕಾಂತತ್ವದ ದಿಕ್ಕು ಬದಲಾಗುವುದಿಲ್ಲ. ಎರಡು, ಕಾಲವಿಲೋಮನ: ಕಾಲವನ್ನು ಹಿಂದಕ್ಕೆ ಓಡಿಸುವುದು. ಆಗ ಸುತ್ತುವಿಕೆಯ ದಿಕ್ಕು ಬದಲಾಗಿ ಕಾಂತತ್ವ ತಲೆಕೆಳಗಾಗುತ್ತದೆ. ನಿಂತಲ್ಲೇ ಇರುವ ಆವೇಶಗಳಿಗೆ ಏನೂ ಆಗುವುದಿಲ್ಲ. ವಿದ್ಯುತ್ ಕ್ಷೇತ್ರ ಮತ್ತು ಕಾಂತಕ್ಷೇತ್ರಗಳ ಗುಣಲಬ್ಧಕ್ಕೆ ಅನುಪಾತದಲ್ಲಿರುವ ಶಕ್ತಿಯ ಪದವೊಂದು ಸ್ಫಟಿಕದಲ್ಲಿ ಇರಬೇಕಾದರೆ ಆ ಸ್ಫಟಿಕವು ಈ ಎರಡು ಸಮ್ಮಿತಿಗಳಲ್ಲಿ ಯಾವುದನ್ನೂ ಬಿಡಿಬಿಡಿಯಾಗಿ ಹೊಂದಿರಬಾರದು. ಎರಡನ್ನೂ ಒಟ್ಟಿಗೆ ನಡೆಸಿದಾಗ ಮೊದಲಿನಂತೆಯೇ ಕಂಡರೆ ಅಡ್ಡಿಯಿಲ್ಲ.

ಹೆಮಟೈಟ್‌ನ ಸಾಲನ್ನು ಅದರ ನಡುವಿನಿಂದ ವಿಲೋಮಿಸಿದರೆ ಮೊದಲನೆಯದು ನಾಲ್ಕನೆಯದರ ಜಾಗಕ್ಕೆ ಹೋಗುತ್ತದೆ. ಎರಡರ ದಿಕ್ಕೂ ಒಂದೇ ಆದುದರಿಂದ ಸಮ್ಮಿತಿ ಉಳಿಯುತ್ತದೆ, ಕಾಂತವಿದ್ಯುತ್ ಪರಿಣಾಮ ನಿಷಿದ್ಧವಾಗುತ್ತದೆ. ಕ್ರೋಮಿಯಂ ಆಕ್ಸೈಡ್‌ನಲ್ಲಿ ಮೊದಲನೆಯದರ ಮತ್ತು ನಾಲ್ಕನೆಯದರ ದಿಕ್ಕುಗಳು ವಿರುದ್ಧ; ಸ್ಥಳವಿಲೋಮನದ ಸಮ್ಮಿತಿ ಮುರಿಯುತ್ತದೆ, ಜೊತೆಗೆ ಕಾಲವನ್ನೂ ಹಿಮ್ಮೆಟ್ಟಿಸಿದರೆ ಮಾತ್ರ ಮತ್ತೆ ಕೂಡಿಬರುತ್ತದೆ. ಈ ತರ್ಕವನ್ನು ಮುಂದಿಟ್ಟು ಸೋವಿಯತ್ ವಿಜ್ಞಾನಿ ಇಗೊರ್ ಜ್ಯಲೊಶಿನ್‌ಸ್ಕಿ 1959ರಲ್ಲಿ ಕ್ರೋಮಿಯಂ ಆಕ್ಸೈಡ್‌ನಲ್ಲಿ ಕಾಂತವಿದ್ಯುತ್ ಪರಿಣಾಮ ಇರಲೇಬೇಕೆಂದು ಊಹಿಸಿದರು. 1960ರಲ್ಲಿ ಆಸ್ಟ್ರೋವ್ ವಿದ್ಯುತ್ ಕ್ಷೇತ್ರದಿಂದ ಕಾಂತೀಕರಣ ಹುಟ್ಟುವುದನ್ನು ಅಳೆದರು. 1961ರಲ್ಲಿ ಅಮೆರಿಕದ ಫೋಲೆನ್, ರಾಡೊ ಮತ್ತು ಸ್ಟಾಲ್ಡರ್ ಕಾಂತಕ್ಷೇತ್ರದಿಂದ ವಿದ್ಯುತ್ ಧ್ರುವೀಕರಣ ಹುಟ್ಟುವುದನ್ನು ತೋರಿಸಿದರು. ಪಿಯೆರ್ ಕ್ಯೂರಿ 1894ರಷ್ಟು ಹಿಂದೆಯೇ ಸೂಚಿಸಿದ್ದ ಸಾಧ್ಯತೆ ಹೀಗೆ ನಿಜವಾಯಿತು.

ಆದರೆ ಪರಿಣಾಮ ಅತ್ಯಲ್ಪ. 1 ಟೆಸ್ಲಾ ಕಾಂತಕ್ಷೇತ್ರದಲ್ಲಿ ಕ್ರೋಮಿಯಂ ಆಕ್ಸೈಡ್‌ನಲ್ಲಿ ಹುಟ್ಟುವ ಧ್ರುವೀಕರಣವು, ವಿದ್ಯುತ್ ಧಾರಕಗಳಲ್ಲಿ ಬಳಸುವ ಬೇರಿಯಂ ಟೈಟನೇಟ್ ತಾನಾಗಿ ಹೊಂದಿರುವ ಧ್ರುವೀಕರಣದ ಸುಮಾರು ಎಂಬತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ. ಎರಡನೆಯ ತೊಡಕು ಉಷ್ಣತೆಯದು. ಕ್ರೋಮಿಯಂ ಆಕ್ಸೈಡ್‌ನ ಕಾಂತೀಯ ಕ್ರಮ 307 ಕೆಲ್ವಿನ್‌ನಲ್ಲಿ, ಅಂದರೆ ಸುಮಾರು 34 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕದಡಿಹೋಗುತ್ತದೆ. 'ಕೋಣೆಯ ಉಷ್ಣತೆ' ಎಂಬ ಮಾತನ್ನು ಪಾಶ್ಚಾತ್ಯ ಲೇಖಕರು 20ರಿಂದ 25 ಡಿಗ್ರಿ ಎಂಬ ಅರ್ಥದಲ್ಲಿ ಬಳಸುತ್ತಾರೆ. ಏಪ್ರಿಲ್–ಮೇ ತಿಂಗಳುಗಳಲ್ಲಿ 40 ಡಿಗ್ರಿ ಮೀರುವ ರಾಯಚೂರಿನ ಕೋಣೆ ಅವರ ಲೆಕ್ಕದಲ್ಲಿಲ್ಲ. ಮಾನ್ವಿಯ ಬೇಸಿಗೆಯ ಮಧ್ಯಾಹ್ನದಲ್ಲಿ ತೆರೆದ ಕಟ್ಟೆಯ ಮೇಲಿಟ್ಟ ಕ್ರೋಮಿಯಂ ಆಕ್ಸೈಡ್ ಹರಳಿನಲ್ಲಿ ಈ ಗುಣವೇ ಇರುವುದಿಲ್ಲ. ರಾತ್ರಿ ತಣಿದ ಮೇಲೆ ಮರಳಿ ಬರುತ್ತದೆ. ಉಪಕರಣವೊಂದು ಎಲ್ಲಿ ಕೆಲಸ ಮಾಡಬೇಕು ಎಂಬುದನ್ನು ಮರೆತು ವಸ್ತುಗಳನ್ನು ಹೊಗಳುವ ಬರಹಗಳನ್ನು ಓದುವಾಗ ಈ ಸಂಗತಿಯನ್ನು ನೆನಪಿಡುವುದು ಒಳ್ಳೆಯದು.

ಸಮ್ಮಿತಿಯ ಗಣನೆ: ಹೈದರಾಬಾದಿನಿಂದ ಬೆಂಗಳೂರಿಗೆ

ಯಾವ ಯಾವ ಸ್ಫಟಿಕಗಳಲ್ಲಿ ಈ ಪರಿಣಾಮ ಸಾಧ್ಯ ಎಂಬುದನ್ನು ಪ್ರಯೋಗಕ್ಕೆ ಮುನ್ನವೇ ಕಾಗದದ ಮೇಲೆ ನಿರ್ಧರಿಸಬಹುದು. ಈ ಗಣನೆಯ ಶಾಸ್ತ್ರಕ್ಕೆ ಭಾರತದಲ್ಲಿ ಬುನಾದಿ ಹಾಕಿದವರಲ್ಲಿ ಸೂರಿ ಭಗವಂತಂ ಪ್ರಮುಖರು. ಸಿ.ವಿ. ರಾಮನ್ ಅವರ ಶಿಷ್ಯರಾದ ಭಗವಂತಂ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿ, ಬಳಿಕ ಕುಲಪತಿಗಳಾಗಿ ಸೇವೆ ಸಲ್ಲಿಸಿದರು. 1918ರಲ್ಲಿ ಸ್ಥಾಪನೆಯಾದ ಆ ವಿಶ್ವವಿದ್ಯಾಲಯವು ಹೈದರಾಬಾದ್ ಸಂಸ್ಥಾನದ ಕನ್ನಡ ಜಿಲ್ಲೆಗಳಾದ ರಾಯಚೂರು, ಕಲಬುರಗಿ ಮತ್ತು ಬೀದರ್‌ಗಳ ವಿದ್ಯಾರ್ಥಿಗಳಿಗೆ ಉನ್ನತ ವಿದ್ಯೆಯ ಹತ್ತಿರದ ನೆಲೆಯಾಗಿತ್ತು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಮರುವರ್ಷ, 1957ರಲ್ಲಿ, ಭಗವಂತಂ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರಾಗಿ ಬಂದರು. ಇದು ಕೇವಲ ಕಾಕತಾಳೀಯ; ಆದರೂ ಜಿಲ್ಲೆಯ ವಿದ್ಯಾಭ್ಯಾಸದ ಕೇಂದ್ರ ಹೈದರಾಬಾದಿನಿಂದ ಕನ್ನಡ ನಾಡಿನ ಕಡೆಗೆ ಹೊರಳಿದ ಕಾಲವನ್ನು ಅದು ನೆನಪಿಸುತ್ತದೆ.

ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ನಿಯತಕಾಲಿಕದಲ್ಲಿ 1964ರಲ್ಲಿ ಭಗವಂತಂ ಮತ್ತು ಪಿ.ವಿ. ಪಂತುಲು ಕಾಂತೀಯ ಸಮ್ಮಿತಿ ಮತ್ತು ಸ್ಫಟಿಕಗಳ ಭೌತಗುಣಗಳ ಕುರಿತ ಪ್ರಬಂಧವನ್ನು ಪ್ರಕಟಿಸಿದರು. ಸ್ಫಟಿಕ ಸಮ್ಮಿತಿ ಹಾಗೂ ಭೌತಗುಣಗಳನ್ನು ಕುರಿತ ಭಗವಂತಂ ಅವರ ಗ್ರಂಥ 1966ರಲ್ಲಿ ಹೊರಬಂದಿತು. ಸಾಮಾನ್ಯ ಸ್ಫಟಿಕಗಳ ವರ್ಗಗಳು 32. ಕಾಲವಿಲೋಮನವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ವರ್ಗಗಳ ಸಂಖ್ಯೆ 122ಕ್ಕೆ ಏರುತ್ತದೆ. ಇವುಗಳಲ್ಲಿ 58 ವರ್ಗಗಳು ಮಾತ್ರ ರೇಖೀಯ ಕಾಂತವಿದ್ಯುತ್ ಪರಿಣಾಮಕ್ಕೆ ಅವಕಾಶ ಕೊಡುತ್ತವೆ. ಕಪ್ಪು–ಬಿಳುಪು ವರ್ಗಗಳೆಂದು ಕರೆಯಲಾಗುವ ಗುಂಪುಗಳ ಸಂಖ್ಯೆಯೂ 58 ಆಗಿರುವುದರಿಂದ ವಿದ್ಯಾರ್ಥಿಗಳು ಎರಡನ್ನೂ ಒಂದೆಂದು ಭ್ರಮಿಸುವುದುಂಟು. ಅವು ಬೇರೆ ಬೇರೆ ಪಟ್ಟಿಗಳು. ಸಮ್ಮಿತಿಯು ಪರಿಣಾಮ ಇರಬಹುದೇ ಇಲ್ಲವೇ ಎಂಬುದನ್ನು ಹೇಳುತ್ತದೆಯೇ ಹೊರತು ಎಷ್ಟು ಪ್ರಮಾಣದಲ್ಲಿ ಎಂಬುದನ್ನು ಹೇಳುವುದಿಲ್ಲ. ಮುಂದಿನ ಅರ್ಧ ಶತಮಾನದ ಶ್ರಮವೆಲ್ಲ ಆ 'ಎಷ್ಟು' ಎಂಬುದರ ಬೆನ್ನು ಹತ್ತಿದುದೇ ಆಗಿದೆ.

ಎರಡು ಕ್ರಮಗಳ ವಿರಸ

ಕ್ರೋಮಿಯಂ ಆಕ್ಸೈಡ್‌ನಲ್ಲಿ ಕಾಂತಕ್ಷೇತ್ರ ತೆಗೆದೊಡನೆ ಧ್ರುವೀಕರಣವೂ ಮಾಯವಾಗುತ್ತದೆ. ತನ್ನದೇ ಆದ ಧ್ರುವೀಕರಣವನ್ನು ಸದಾ ಹೊಂದಿದ್ದು, ಅದನ್ನು ವಿದ್ಯುತ್ ಕ್ಷೇತ್ರದಿಂದ ಮಗುಚಬಹುದಾದ ವಸ್ತುಗಳಿಗೆ ಫೆರೋವಿದ್ಯುತ್ ವಸ್ತುಗಳೆಂದು ಹೆಸರು. ಇಂತಹ ಧ್ರುವೀಕರಣ ಮತ್ತು ಕಾಂತತ್ವ ಎರಡೂ ಪರಸ್ಪರ ಹೆಣೆದುಕೊಂಡಿರುವ ಮೊದಲ ಸ್ಫಟಿಕ ನಿಕ್ಕಲ್ ಅಯೊಡಿನ್ ಬೋರಸೈಟ್. ಜಿನೀವಾದಲ್ಲಿ ಆಶರ್, ಹ್ಯಾನ್ಸ್ ಶ್ಮಿಡ್ ಮತ್ತು ಸಂಗಡಿಗರು 1966ರಲ್ಲಿ ಇದನ್ನು ವರದಿ ಮಾಡಿದರು. ಅದು ಸುಮಾರು 60 ಕೆಲ್ವಿನ್‌ಗಿಂತ ಕೆಳಗೆ ಮಾತ್ರ ಹೀಗೆ ವರ್ತಿಸುತ್ತದೆ. 'ಮಲ್ಟಿಫೆರೋಯಿಕ್' ಎಂಬ ಪದವನ್ನು 1994ರಲ್ಲಿ ಚಾಲ್ತಿಗೆ ತಂದವರು ಇದೇ ಶ್ಮಿಡ್.

ಇಂತಹ ವಸ್ತುಗಳು ಏಕೆ ವಿರಳ ಎಂಬ ಪ್ರಶ್ನೆಯನ್ನೇ ಶೀರ್ಷಿಕೆಯಾಗಿಸಿ ನಿಕೊಲಾ ಹಿಲ್ (ಮುಂದೆ ಸ್ಪಾಲ್ಡಿನ್) 2000ದಲ್ಲಿ ಬರೆದ ಪ್ರಬಂಧ ಈ ಕ್ಷೇತ್ರಕ್ಕೆ ಹೊಸ ಚಾಲನೆ ನೀಡಿತು. ಬೇರಿಯಂ ಟೈಟನೇಟ್‌ನಲ್ಲಿ ಟೈಟಾನಿಯಂ ಅಯಾನಿನ ಡಿ ಕಕ್ಷೆಗಳು ಖಾಲಿ. ಆ ಖಾಲಿ ಕಕ್ಷೆಗಳ ಮೂಲಕ ಅದು ಆಕ್ಸಿಜನ್ನಿನೊಡನೆ ಬಂಧ ಬೆಳೆಸಿ ನಡುಸ್ಥಾನದಿಂದ ಸರಿಯುತ್ತದೆ, ಧ್ರುವೀಕರಣ ಹುಟ್ಟುತ್ತದೆ. ಕಾಂತತ್ವಕ್ಕಾದರೋ ಡಿ ಕಕ್ಷೆಗಳಲ್ಲಿ ಒಂಟಿ ಎಲೆಕ್ಟ್ರಾನುಗಳು ಇರಲೇಬೇಕು. ಒಂದಕ್ಕೆ ಬೇಕಾದ ಬರಿದುತನ ಇನ್ನೊಂದಕ್ಕೆ ವರ್ಜ್ಯ.

ಬಿಸ್ಮತ್ ಫೆರೈಟ್ ಈ ವಿರಸವನ್ನು ಕೆಲಸ ಹಂಚಿಕೊಳ್ಳುವ ಮೂಲಕ ಬಗೆಹರಿಸಿಕೊಂಡಿದೆ. ಬಿಸ್ಮತ್ ಅಯಾನಿನ ಒಂಟಿ ಜೋಡಿ ಎಲೆಕ್ಟ್ರಾನುಗಳು ಧ್ರುವೀಕರಣವನ್ನು, ಕಬ್ಬಿಣದ ಅಯಾನು ಕಾಂತತ್ವವನ್ನು ಒದಗಿಸುತ್ತವೆ. ಅದರ ಧ್ರುವೀಕರಣ ಸುಮಾರು 1100 ಕೆಲ್ವಿನ್‌ವರೆಗೂ, ಕಾಂತೀಯ ಕ್ರಮ ಸುಮಾರು 643 ಕೆಲ್ವಿನ್‌ವರೆಗೂ ಉಳಿಯುತ್ತದೆ. ರಾಯಚೂರಿನ ಬೇಸಿಗೆ ಇದಕ್ಕೆ ಲೆಕ್ಕಕ್ಕಿಲ್ಲ. 2003ರಲ್ಲಿ ರಾಮಮೂರ್ತಿ ರಮೇಶ್ ಅವರ ತಂಡ ಇದರ ತೆಳುಪದರಗಳಲ್ಲಿ ದೊಡ್ಡ ಧ್ರುವೀಕರಣವನ್ನು ತೋರಿಸಿದಾಗ ವಿಶ್ವದ ಗಮನ ಇತ್ತ ಹರಿಯಿತು. ಆದರೆ ಪಾಲು ಮಾಡಿಕೊಂಡ ಸಂಸಾರದಂತೆ ಇಲ್ಲಿ ಎರಡು ಗುಣಗಳ ಮೂಲ ಬೇರೆ ಬೇರೆಯಾದುದರಿಂದ ನಡುವಿನ ಬಂಧ ಸಡಿಲ. ಮೇಲಾಗಿ ಅದರ ಸ್ಪಿನ್‌ಗಳು ಸುಮಾರು 62 ನ್ಯಾನೋಮೀಟರ್ ಉದ್ದದ ಚಕ್ರಗತಿಯಲ್ಲಿ ಸುತ್ತುವುದರಿಂದ ರೇಖೀಯ ಕಾಂತವಿದ್ಯುತ್ ಪರಿಣಾಮ ಸರಾಸರಿಯಲ್ಲಿ ಕಳೆದುಹೋಗುತ್ತದೆ. ಕಾಂತಕ್ಷೇತ್ರದಿಂದ ಧ್ರುವೀಕರಣವನ್ನು ಆಳಬೇಕೆಂಬವರಿಗೆ ಬಿಸ್ಮತ್ ಫೆರೈಟ್ ಅಷ್ಟಾಗಿ ಒದಗಲಿಲ್ಲ.

ಬಂಡಿಯ ಗಾಲಿ ಮತ್ತು ಬೈರಿಗೆ

ನಿಜವಾದ ತಿರುವು ಬಂದುದು ಅದೇ 2003ರಲ್ಲಿ, ಜಪಾನಿನಿಂದ. ಕಿಮುರಾ, ಟೊಕುರಾ ಮತ್ತು ಸಹೋದ್ಯೋಗಿಗಳು ಟರ್ಬಿಯಂ ಮ್ಯಾಂಗನೇಟ್ ಎಂಬ ಸ್ಫಟಿಕವನ್ನು ತಣಿಸುತ್ತ ಹೋದರು. ಸುಮಾರು 41 ಕೆಲ್ವಿನ್‌ನಲ್ಲಿ ಮ್ಯಾಂಗನೀಸ್ ಸ್ಪಿನ್‌ಗಳು ಕ್ರಮಗೊಂಡವು. ಸುಮಾರು 28 ಕೆಲ್ವಿನ್‌ನಲ್ಲಿ, ಸ್ಪಿನ್‌ಗಳ ಕ್ರಮ ಮತ್ತೊಮ್ಮೆ ಬದಲಾದಾಗ, ಸ್ಫಟಿಕದ ಸಿ ಅಕ್ಷದುದ್ದಕ್ಕೂ ಧ್ರುವೀಕರಣ ತಾನಾಗಿ ಮೂಡಿತು. ಆ ಬಳಿಕ ಬಿ ಅಕ್ಷದ ದಿಕ್ಕಿನಲ್ಲಿ ಪ್ರಬಲ ಕಾಂತಕ್ಷೇತ್ರವನ್ನು ಪ್ರಯೋಗಿಸಿದಾಗ ಧ್ರುವೀಕರಣ ಸಿ ಅಕ್ಷವನ್ನು ಬಿಟ್ಟು ಎ ಅಕ್ಷಕ್ಕೆ ತೊಂಬತ್ತು ಡಿಗ್ರಿ ಹೊರಳಿತು. ಕಾಂತಕ್ಷೇತ್ರವು ವಿದ್ಯುತ್ ಧ್ರುವೀಕರಣದ ದಿಕ್ಕನ್ನೇ ಬದಲಿಸಿದ ಸ್ಪಷ್ಟ ನಿದರ್ಶನವಿದು.

ಇದರ ಒಳಗುಟ್ಟು ಸ್ಪಿನ್‌ಗಳ ಸುರುಳಿಯಲ್ಲಿದೆ. ಓಡುವ ಬಂಡಿಯ ಗಾಲಿಯ ಅರೆಕಾಲೊಂದನ್ನು ಗಮನಿಸಿದರೆ ಅದು ಬಂಡಿ ಸಾಗುವ ದಿಕ್ಕನ್ನು ಒಳಗೊಂಡ ತಲದಲ್ಲಿಯೇ ಸುತ್ತುತ್ತ ಮುಂದೆ ಸಾಗುತ್ತದೆ. ಮರಕ್ಕೆ ತೂತು ಕೊರೆಯುವ ಬೈರಿಗೆಯ ಅಲಗಾದರೋ ಮುಂದುವರಿಯುವ ದಿಕ್ಕಿಗೆ ಅಡ್ಡಲಾದ ತಲದಲ್ಲಿ ಸುತ್ತುತ್ತದೆ. ಒಂದು ಅಯಾನಿನಿಂದ ಮುಂದಿನದಕ್ಕೆ ಹೋದಂತೆ ಸ್ಪಿನ್‌ಗಳು ಬೈರಿಗೆಯಂತೆ ಸುತ್ತಿದರೆ, ಸರಳ ಸಂದರ್ಭಗಳಲ್ಲಿ, ಧ್ರುವೀಕರಣ ಹುಟ್ಟುವುದಿಲ್ಲ. ಗಾಲಿಯಂತೆ ಸುತ್ತಿದರೆ ಹುಟ್ಟುತ್ತದೆ. ಅದರ ದಿಕ್ಕು ಗಾಲಿಯ ಅಚ್ಚಿಗೂ ಸಾಗುವ ದಾರಿಗೂ ಲಂಬವಾಗಿ, ಅಂದರೆ ನೆಲದಿಂದ ಮೇಲಕ್ಕೆ ಅಥವಾ ಕೆಳಕ್ಕೆ ಇರುತ್ತದೆ. ಗಾಲಿ ಉರುಳುವ ದಿಕ್ಕು ಬದಲಾದರೆ ಮೇಲಿನದು ಕೆಳಗಾಗುತ್ತದೆ. ಗಾಲಿಯನ್ನು ಮಗ್ಗುಲಿಗೆ ಮಲಗಿಸಿದರೆ ಅಚ್ಚು ನೆಟ್ಟಗಾಗಿ ಧ್ರುವೀಕರಣ ಪಕ್ಕಕ್ಕೆ ಹೊರಳುತ್ತದೆ. ಟರ್ಬಿಯಂ ಮ್ಯಾಂಗನೇಟ್‌ನಲ್ಲಿ ಕಾಂತಕ್ಷೇತ್ರ ಮಾಡಿದ್ದು ಇದನ್ನೇ: ಬಿ–ಸಿ ತಲದ ಗಾಲಿಯನ್ನು ಎ–ಬಿ ತಲಕ್ಕೆ ಮಲಗಿಸಿತು. 2005ರಲ್ಲಿ ಕೆಂಜೆಲ್ಮನ್ ಮತ್ತು ಸಂಗಡಿಗರು ನ್ಯೂಟ್ರಾನ್ ವಿವರ್ತನೆಯಿಂದ ಈ ಸುರುಳಿಯನ್ನು ಗುರುತಿಸಿದರು. ಕತ್ಸುರಾ, ನಾಗಾವೋಸಾ ಮತ್ತು ಬಲಾಟ್‌ಸ್ಕಿ 2005ರಲ್ಲಿ, ಸರ್ಗಿಯೆಂಕೊ ಮತ್ತು ಡಾಗೊಟ್ಟೊ ಹಾಗೂ ಮೊಸ್ತೊವೊಯ್ 2006ರಲ್ಲಿ ಬೇರೆ ಬೇರೆ ದಾರಿಗಳಿಂದ ಇದಕ್ಕೆ ಸಿದ್ಧಾಂತವನ್ನು ಕಟ್ಟಿದರು.

2004ರಲ್ಲಿ ಹುರ್, ಚಿಯಾಂಗ್ ಮತ್ತು ಸಹೋದ್ಯೋಗಿಗಳು ಟರ್ಬಿಯಂ ಮ್ಯಾಂಗನೀಸ್‌ನ ಇನ್ನೊಂದು ಆಕ್ಸೈಡ್‌ನಲ್ಲಿ ಮತ್ತೂ ಮುಂದೆ ಹೋದರು. 3 ಕೆಲ್ವಿನ್‌ನಲ್ಲಿ ಕಾಂತಕ್ಷೇತ್ರವನ್ನು ಸೊನ್ನೆಯಿಂದ 2 ಟೆಸ್ಲಾವರೆಗೆ ಏರಿಸಿ ಇಳಿಸಿದಂತೆಲ್ಲ ಧ್ರುವೀಕರಣ ಮಗುಚಿ ಮರಳುತ್ತಿತ್ತು. ಪದೇ ಪದೇ ಮಾಡಿದರೂ ಕುಗ್ಗಲಿಲ್ಲ. ಧ್ರುವೀಕರಣದ ಪ್ರಮಾಣ ಮಾತ್ರ ಚದರ ಸೆಂಟಿಮೀಟರಿಗೆ 0.04 ಮೈಕ್ರೋಕೂಲಂಬ್, ಬೇರಿಯಂ ಟೈಟನೇಟ್‌ನಲ್ಲಿ ಇದು ಸುಮಾರು 26. ಕಾಂತತ್ವದಿಂದಲೇ ಹುಟ್ಟಿದ ಧ್ರುವೀಕರಣ ಕಾಂತಕ್ಷೇತ್ರಕ್ಕೆ ಚೆನ್ನಾಗಿ ಮಣಿಯುತ್ತದೆ, ಆದರೆ ಬಡಕಲು. ಪ್ರತ್ಯೇಕ ಮೂಲದಿಂದ ಹುಟ್ಟಿದ್ದು ಪುಷ್ಟವಾಗಿರುತ್ತದೆ, ಆದರೆ ಮಾತು ಕೇಳುವುದಿಲ್ಲ.

ಜಕ್ಕೂರಿನ ಕೆಲಸ ಮತ್ತು ಅಳತೆಯ ಸಮಸ್ಯೆ

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವು 1989ರಲ್ಲಿ ಸ್ಥಾಪನೆಯಾಯಿತು. ಅಲ್ಲಿ ಸಿ.ಎನ್.ಆರ್. ರಾವ್ ಅವರ ನೇತೃತ್ವದಲ್ಲಿ ಲೋಹದ ಆಕ್ಸೈಡುಗಳ ದೀರ್ಘ ಅಧ್ಯಯನ ನಡೆದಿತ್ತು. 2005ರಲ್ಲಿ ಕ್ಲಾಡಿ ರಾಯನ್ ಸೆರಾವ್, ಆಶಿಷ್ ಕುಂಡು, ಭಾರತೀಯ ವಿಜ್ಞಾನ ಮಂದಿರದ ಎಸ್.ಬಿ. ಕೃಪಾನಿಧಿ, ಉಮೇಶ್ ವಾಘ್ಮರೆ ಮತ್ತು ರಾವ್ ಕೂಡಿ ಯಿಟ್ರಿಯಂ ಕ್ರೋಮೈಟ್ ಎಂಬ ವಸ್ತುವಿನಲ್ಲಿ ಎರಡೂ ಕ್ರಮಗಳಿವೆ ಎಂದು ವರದಿ ಮಾಡಿದರು: ಸುಮಾರು 473 ಕೆಲ್ವಿನ್‌ನಲ್ಲಿ ಫೆರೋವಿದ್ಯುತ್ ಸ್ಥಿತ್ಯಂತರ, ಸುಮಾರು 140 ಕೆಲ್ವಿನ್‌ನಲ್ಲಿ ಕಾಂತೀಯ ಸ್ಥಿತ್ಯಂತರ. ಇದರಲ್ಲೊಂದು ಒಗಟಿತ್ತು. ಎಕ್ಸ್‌-ಕಿರಣಗಳ ವಿವರ್ತನೆಯಿಂದ ದೊರೆಯುವ ಸರಾಸರಿ ರಚನೆಯು ವಿಲೋಮನ ಸಮ್ಮಿತಿಯುಳ್ಳದ್ದು. ಅಂತಹ ರಚನೆಯಲ್ಲಿ ಧ್ರುವೀಕರಣಕ್ಕೆ ಎಡೆಯಿಲ್ಲ. 2007ರಲ್ಲಿ ನ್ಯೂಟ್ರಾನ್ ದತ್ತಾಂಶಗಳ ವಿಶ್ಲೇಷಣೆಯಿಂದ, ಸಮ್ಮಿತಿಯು ಕೆಲವೇ ಪರಮಾಣುಗಳ ವ್ಯಾಪ್ತಿಯಲ್ಲಿ ಮುರಿದಿದ್ದು ದೂರದ ಸರಾಸರಿಯಲ್ಲಿ ಕಾಣೆಯಾಗುತ್ತದೆ ಎಂಬ ವಿವರಣೆಯನ್ನು ಮುಂದಿಡಲಾಯಿತು.

ಇದೇ ಕುಟುಂಬದ ಅಪರೂಪ ಭಸ್ಮಧಾತುಗಳ ಕ್ರೋಮೈಟ್‌ಗಳನ್ನು ಎ. ಸುಂದರೇಶನ್ ಮತ್ತು ಸಂಗಡಿಗರು ಕೈಗೆತ್ತಿಕೊಂಡರು. 2012ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದ ಪ್ರಕಾರ, ಭಸ್ಮಧಾತುವಿನ ಅಯಾನು ಸ್ವತಃ ಕಾಂತೀಯವಾಗಿದ್ದಾಗ ಕ್ರೋಮಿಯಂ ಸ್ಪಿನ್‌ಗಳು ಕ್ರಮಗೊಳ್ಳುವ ಉಷ್ಣತೆಯಲ್ಲಿಯೇ, ವಿದ್ಯುತ್ ಕ್ಷೇತ್ರದ ನೆರವಿನಿಂದ, ಧ್ರುವೀಕರಣ ತಲೆದೋರುತ್ತದೆ. 2016ರಲ್ಲಿ ಅದೇ ತಂಡ ಕೋಬಾಲ್ಟ್ ಆಕ್ಸೈಡ್ ಮೊದಲಾದ ಸರಳ ಸ್ಪಿನೆಲ್‌ಗಳಲ್ಲಿ ರೇಖೀಯ ಕಾಂತವಿದ್ಯುತ್ ಪರಿಣಾಮವನ್ನು ಗುರುತಿಸಿತು. ಅಲ್ಲಿ ಕಾಂತೀಯ ಅಯಾನುಗಳು ಕುಳಿತಿರುವ ಎರಡು ಬಗೆಯ ಸ್ಥಾನಗಳು ಪರಸ್ಪರ ವಿಲೋಮಗಳು. ಅವುಗಳ ಸ್ಪಿನ್‌ಗಳು ವಿರುದ್ಧ ದಿಕ್ಕಿನವು. ಕ್ರೋಮಿಯಂ ಆಕ್ಸೈಡ್‌ನ ಸಾಲಿನಲ್ಲಿ ಕಂಡ ತರ್ಕವೇ ಇಲ್ಲಿ ಇನ್ನೊಂದು ವೇಷದಲ್ಲಿ ಬಂದಿದೆ. ಬಹುಕಾಲದಿಂದ ಪರಿಚಿತವಾದ ವಸ್ತುವೊಂದರಲ್ಲಿ ಈ ಗುಣ ಯಾರ ಕಣ್ಣಿಗೂ ಬೀಳದೆ ಉಳಿದಿದ್ದುದು ಅಚ್ಚರಿಯ ಸಂಗತಿಯೇ ಸರಿ.

ಈ ಬಗೆಯ ಸಂಶೋಧನೆಯಲ್ಲಿ ಅತಿ ಹೆಚ್ಚು ಎಚ್ಚರ ಬೇಡುವುದು ಅಳತೆಯ ಹಂತ. ಧ್ರುವೀಕರಣವನ್ನು ನೇರವಾಗಿ ನೋಡಲಾಗದು. ಸ್ಫಟಿಕವನ್ನು ವಿದ್ಯುತ್ ಕ್ಷೇತ್ರದಲ್ಲಿ ತಣಿಸಿ, ಕ್ಷೇತ್ರವನ್ನು ತೆಗೆದು, ಮತ್ತೆ ನಿಧಾನವಾಗಿ ಕಾಯಿಸುತ್ತ ಹೋಗುವಾಗ ಹರಿಯುವ ಪಿಕೋಆಂಪಿಯರ್ ಮಟ್ಟದ ವಿದ್ಯುತ್ತನ್ನು ಅಳೆದು ಕೂಡಿಸಬೇಕು. ಸ್ಫಟಿಕದ ದೋಷಗಳಲ್ಲಿ ಸಿಕ್ಕಿಬಿದ್ದ ಆವೇಶಗಳು ಕಾಯಿಸಿದಾಗ ಬಿಡುಗಡೆಯಾದರೂ ಇಂತಹುದೇ ವಿದ್ಯುತ್ ಹರಿಯುತ್ತದೆ. ಸೋರುವ ಧಾರಕವೂ ಹಿಸ್ಟರಿಸಿಸ್ ಕುಣಿಕೆಯನ್ನು ಬರೆಯುತ್ತದೆ. ಅಮೆರಿಕದ ವಿಜ್ಞಾನಿ ಜೇಮ್ಸ್ ಸ್ಕಾಟ್ 2008ರಲ್ಲಿ ಬಾಳೆಹಣ್ಣಿನ ಸಿಪ್ಪೆಗೂ ಬೆಳ್ಳಿಯ ಲೇಪ ಹಚ್ಚಿ ಅಳೆದರೆ ಅಂತಹ ಕುಣಿಕೆ ದೊರೆಯುತ್ತದೆ ಎಂದು ತೋರಿಸಿ, ಬಾಳೆಹಣ್ಣು ಫೆರೋವಿದ್ಯುತ್ ವಸ್ತುವಲ್ಲ ಎಂದು ನೆನಪಿಸಿದರು. ಆ ಪುಟ್ಟ ಲೇಖನ ಅನೇಕ ಗಂಭೀರ ಪ್ರಬಂಧಗಳಿಗಿಂತ ಹೆಚ್ಚು ಉಪಕಾರ ಮಾಡಿದೆ. ಸುಂದರೇಶನ್ ಅವರ ತಂಡ ಬಳಸಿ ವಿವರಿಸಿದ ಒಂದು ವಿಧಾನದಲ್ಲಿ ಸ್ಫಟಿಕವನ್ನು ಕ್ಷೇತ್ರವಿಲ್ಲದೆ ತಣಿಸಿ, ಕಾಯಿಸುವಾಗ ಸಣ್ಣ ವಿದ್ಯುತ್ ಕ್ಷೇತ್ರವನ್ನು ಕೊಡಲಾಗುತ್ತದೆ. ನಿಜವಾದ ಫೆರೋವಿದ್ಯುತ್ ವಸ್ತುವಾದರೆ ಮೊದಲು ದ್ವಿಧ್ರುವಗಳು ಸಾಲುಗೂಡುವುದರಿಂದ ಒಂದು ದಿಕ್ಕಿನ ವಿದ್ಯುತ್ತೂ, ಸ್ಥಿತ್ಯಂತರದ ಬಳಿ ಅವು ಕದಡುವುದರಿಂದ ವಿರುದ್ಧ ದಿಕ್ಕಿನ ವಿದ್ಯುತ್ತೂ ಹರಿಯುತ್ತವೆ. ಸಿಕ್ಕಿಬಿದ್ದ ಆವೇಶಗಳು ಈ ಜೋಡಿ ಗುರುತನ್ನು ಬಿಡುವುದಿಲ್ಲ. ವರದಿಯಾದ ಮಲ್ಟಿಫೆರೋಯಿಕ್‌ಗಳ ಉದ್ದನೆಯ ಪಟ್ಟಿಯನ್ನು ಈ ಒರೆಗೆ ಹಚ್ಚಿದರೆ ಅದು ಬಹುಮಟ್ಟಿಗೆ ಗಿಡ್ಡವಾದೀತು.

ಟ್ರಾನ್ಸ್‌ಫಾರ್ಮರಿನ ಗುಂಯ್‌ಗುಡುವಿಕೆ

ಸುರುಳಿ ಸ್ಪಿನ್‌ಗಳ ಮಾರ್ಗದಲ್ಲಿಯೇ ಉಷ್ಣತೆಯ ತಡೆಯನ್ನು ದಾಟಿದ್ದು ಹೆಕ್ಸಾಫೆರೈಟ್‌ಗಳು. ಧ್ವನಿವರ್ಧಕಗಳಲ್ಲಿರುವ ಕಪ್ಪು ಕಾಂತಗಳ ಬಂಧುಗಳಿವು. 2008ರಲ್ಲಿ ಇಶಿವಾಟಾ ಮತ್ತು ಸಂಗಡಿಗರು ಈ ಕುಲದ ಒಂದು ವಸ್ತುವಿನಲ್ಲಿ ಕೇವಲ 30 ಮಿಲಿಟೆಸ್ಲಾ ಕ್ಷೇತ್ರದಿಂದ ಧ್ರುವೀಕರಣವನ್ನು ಹೊರಳಿಸಿದರು. 2010ರಲ್ಲಿ ಕಿಟಗಾವಾ, ಕಿಮುರಾ ಮತ್ತು ಸಹೋದ್ಯೋಗಿಗಳು ಸ್ಟ್ರಾಂಶಿಯಂ, ಕೋಬಾಲ್ಟ್ ಮತ್ತು ಕಬ್ಬಿಣಗಳ ಇನ್ನೊಂದು ಹೆಕ್ಸಾಫೆರೈಟ್‌ನಲ್ಲಿ ಕೋಣೆಯ ಉಷ್ಣತೆಯಲ್ಲಿಯೇ, ಅಲ್ಪ ಕ್ಷೇತ್ರದಲ್ಲಿಯೇ ಪರಿಣಾಮವನ್ನು ಪಡೆದರು. ಉಳಿದ ತೊಂದರೆ ವಿದ್ಯುತ್ ಸೋರಿಕೆಯದು.

ಒಂದೇ ಸ್ಫಟಿಕದಲ್ಲಿ ಎರಡನ್ನೂ ಹುಡುಕುವ ಬದಲು ಎರಡು ವಸ್ತುಗಳನ್ನು ಬೆಸೆಯುವ ದಾರಿಯೂ ಇದೆ. ಓಣಿಯ ಟ್ರಾನ್ಸ್‌ಫಾರ್ಮರು ಸದಾ ಗುಂಯ್‌ಗುಡುವುದು ಎಲ್ಲರಿಗೂ ಪರಿಚಿತ. ಕಾಂತಕ್ಷೇತ್ರ ಬದಲಾದಂತೆಲ್ಲ ಅದರ ಉಕ್ಕಿನ ತಿರುಳು ಅತ್ಯಲ್ಪವಾಗಿ ಹಿಗ್ಗಿ ಕುಗ್ಗುವುದು ಆ ಸದ್ದಿಗೆ ಮುಖ್ಯ ಕಾರಣ. 1985ರಲ್ಲಿ ವಿದ್ಯುತ್ ಉತ್ಪಾದನೆ ಆರಂಭಿಸಿದ ಶಕ್ತಿನಗರದ ರಾಯಚೂರು ಶಾಖೋತ್ಪನ್ನ ಕೇಂದ್ರದ ಭಾರೀ ಟ್ರಾನ್ಸ್‌ಫಾರ್ಮರುಗಳಿಗೂ ದೇವದುರ್ಗದ ಹೊಲದಂಚಿನ ಕಂಬದ ಮೇಲಿನದಕ್ಕೂ ಇದು ಸಮಾನ. ಅಡುಗೆಮನೆಯ ಗ್ಯಾಸ್ ಲೈಟರ್‌ನಲ್ಲಿ ಇನ್ನೊಂದು ಗುಣವಿದೆ: ಅದರೊಳಗಿನ ಪಿಂಗಾಣಿಯಂಥ ಹರಳಿಗೆ ಪೆಟ್ಟು ಬಿದ್ದೊಡನೆ ಅದರ ಧ್ರುವೀಕರಣ ಬದಲಾಗಿ ಕಿಡಿ ಹಾರುತ್ತದೆ. ಮೊದಲನೆಯದು ಕಾಂತವಿಕಾರ, ಎರಡನೆಯದು ಪೀಡನವಿದ್ಯುತ್. ಇವೆರಡನ್ನೂ ಅಂಟಿಸಿದರೆ ಕಾಂತಕ್ಷೇತ್ರ ಮೊದಲ ಪದರವನ್ನು ಹಿಗ್ಗಿಸುತ್ತದೆ, ಅದು ಎರಡನೆಯದನ್ನು ಎಳೆಯುತ್ತದೆ, ಎರಡನೆಯದರಲ್ಲಿ ಧ್ರುವೀಕರಣ ಬದಲಾಗುತ್ತದೆ. ಬಿಡಿಯಾಗಿ ಯಾವ ಪದರದಲ್ಲಿಯೂ ಇಲ್ಲದ ಗುಣ ಜೋಡಣೆಯಲ್ಲಿ ಹುಟ್ಟುತ್ತದೆ. ಫಿಲಿಪ್ಸ್ ಪ್ರಯೋಗಾಲಯದ ವಾನ್ ಸುಖ್ಟೆಲೆನ್ 1972ರಲ್ಲಿ ಈ ಕಲ್ಪನೆಯನ್ನು ಮಂಡಿಸಿದರು. ಬೇರಿಯಂ ಟೈಟನೇಟ್ ಮತ್ತು ಕೋಬಾಲ್ಟ್ ಫೆರೈಟ್‌ಗಳ ಸಂಯುಕ್ತದಲ್ಲಿ ಕ್ರೋಮಿಯಂ ಆಕ್ಸೈಡ್‌ಗಿಂತ ಹಲವು ಪಟ್ಟು ಹೆಚ್ಚಿನ ಪರಿಣಾಮ ದೊರೆಯಿತು. 2001ರಿಂದೀಚೆಗೆ ಟರ್ಫೆನಾಲ್ ಎಂಬ ಮಿಶ್ರಲೋಹದ ಪದರಗಳನ್ನು ಬಳಸಿ ಅದನ್ನು ಇನ್ನೂ ಹೆಚ್ಚಿಸಲಾಗಿದೆ. ಸೂಕ್ಷ್ಮ ಕಾಂತಕ್ಷೇತ್ರಗಳನ್ನು ಅಳೆಯುವ ಸಂವೇದಕಗಳಿಗೆ ಇಂದು ಮುಖ್ಯವಾಗಿ ಪರಿಗಣಿಸುತ್ತಿರುವುದು ಈ ಬೆಸುಗೆಯ ವಸ್ತುಗಳನ್ನೇ.

ಸಂಶೋಧನೆಯ ಭೌಗೋಳಿಕ ಹಂಚಿಕೆಯ ದೃಷ್ಟಿಯಿಂದ ಈ ವ್ಯತ್ಯಾಸ ಮಹತ್ವದ್ದು. ಟರ್ಬಿಯಂ ಮ್ಯಾಂಗನೇಟ್‌ನ ಅಧ್ಯಯನಕ್ಕೆ ದ್ರವ ಹೀಲಿಯಂ, ಅತಿವಾಹಕ ಕಾಂತ ಮತ್ತು ಏಕಸ್ಫಟಿಕ ಬೆಳೆಸುವ ಕುಲುಮೆ ಬೇಕು. ಇವು ಮಹಾನಗರಗಳ ದೊಡ್ಡ ಸಂಸ್ಥೆಗಳಿಗೆ ಮಾತ್ರ ಎಟುಕುವಂಥವು. ಸಂಯುಕ್ತ ವಸ್ತುವಿನ ಕಾಂತವಿದ್ಯುತ್ ಗುಣಾಂಕವನ್ನು ಅಳೆಯಲು ಸಾಧಾರಣ ವಿದ್ಯುತ್ಕಾಂತ, ಸಣ್ಣ ಪರ್ಯಾಯ ಕ್ಷೇತ್ರ ಕೊಡುವ ಸುರುಳಿ ಮತ್ತು ಲಾಕ್-ಇನ್ ವರ್ಧಕ ಸಾಕು. ಫೆರೈಟ್ ಪುಡಿಯನ್ನು ಸಾವಿರ ಡಿಗ್ರಿಯ ಆಸುಪಾಸಿನ ಕುಲುಮೆಯಲ್ಲಿ ಸುಟ್ಟು ತಯಾರಿಸಬಹುದು. ರಾಯಚೂರು ನಗರದ ಸ್ನಾತಕೋತ್ತರ ವಿಭಾಗಗಳಿಗೆ ಇದು ಅಸಾಧ್ಯವಲ್ಲ. ದೇವದುರ್ಗ, ಮಾನ್ವಿಗಳ ಪದವಿ ಕಾಲೇಜುಗಳಲ್ಲಿ ಹಿಸ್ಟರಿಸಿಸ್ ಕುಣಿಕೆಯನ್ನೂ ಡೈಎಲೆಕ್ಟ್ರಿಕ್ ಸ್ಥಿರಾಂಕವನ್ನೂ ಬೇರೆ ಬೇರೆ ದಿನಗಳಂದು ಬೇರೆ ಬೇರೆ ಮೇಜುಗಳ ಮೇಲೆ ಅಳೆಯುವ ವಿದ್ಯಾರ್ಥಿಗೆ ಇವೆರಡರ ನಡುವಿನ ಸಂಬಂಧವನ್ನು ಒಂದೇ ಮೇಜಿನ ಮೇಲೆ ತೋರಿಸುವ ಪ್ರಯೋಗವಾಗಿಯೂ ಇದು ಒದಗಬಲ್ಲದು.

ಹಿಮ್ಮುಖ ಮಾರ್ಗ

ಕಾಂತದಿಂದ ವಿದ್ಯುತ್ತನ್ನು ಆಳುವ ಬಯಕೆಯ ಮಗ್ಗುಲಲ್ಲೇ ವಿದ್ಯುತ್ ಕ್ಷೇತ್ರದಿಂದ ಕಾಂತವನ್ನು ಆಳುವ ಬಯಕೆಯೂ ಇದೆ. ಗಣಕಯಂತ್ರಗಳ ಸ್ಮೃತಿಕೋಶಗಳಿಗೆ ಬೇಕಾದುದು ಈ ಎರಡನೆಯದು. ಕಾಂತೀಯ ಸ್ಮೃತಿಯಲ್ಲಿ ಒಂದು ಅಂಕಿಯನ್ನು ಬರೆಯಲು ವಿದ್ಯುತ್ತನ್ನು ಹರಿಸಬೇಕಾಗುವುದರಿಂದ ಶಾಖವಾಗಿ ವ್ಯಯವಾಗುವ ಶಕ್ತಿ ಹೆಚ್ಚು. ವಿದ್ಯುತ್ ಹರಿಸದೆ ವೋಲ್ಟೇಜ್ ಮಾತ್ರದಿಂದ ಬರೆಯುವಂತಾದರೆ ಆ ವ್ಯಯ ಬಹಳ ಇಳಿಯುತ್ತದೆ. 2014ರಲ್ಲಿ ಹೆರನ್, ರಮೇಶ್ ಮತ್ತು ಸಹೋದ್ಯೋಗಿಗಳು ಬಿಸ್ಮತ್ ಫೆರೈಟ್ ಪದರದ ಮೇಲೆ ಲೋಹದ ಕಾಂತಪದರವನ್ನು ಕೂರಿಸಿ, ವೋಲ್ಟೇಜ್ ಬದಲಿಸುವ ಮೂಲಕ ಕಾಂತೀಕರಣವನ್ನು ಕೋಣೆಯ ಉಷ್ಣತೆಯಲ್ಲಿ ಮಗುಚಿದರು.

ಆರಂಭದ ಹಸಿರು ಪುಡಿಯೂ ಮರಳಿ ರಂಗಕ್ಕೆ ಬಂದಿದೆ. 2010ರಲ್ಲಿ ಅಮೆರಿಕದ ನೆಬ್ರಾಸ್ಕಾದಲ್ಲಿ ಕ್ರಿಶ್ಚಿಯನ್ ಬಿನೆಕ್ ಅವರ ತಂಡ ಕ್ರೋಮಿಯಂ ಆಕ್ಸೈಡ್‌ನ ಮೇಲ್ಮೈಗೆ ಅಂಟಿದ ಕಾಂತಪದರದ ವರ್ತನೆಯನ್ನು ವಿದ್ಯುತ್ ಕ್ಷೇತ್ರದಿಂದ ಹಿಂದುಮುಂದಾಗಿಸಿತು. 34 ಡಿಗ್ರಿಯ ತಡೆ ಮಾತ್ರ ಹಾಗೆಯೇ ಉಳಿದಿತ್ತು. ಆಕ್ಸಿಜನ್ನಿನ ಕೆಲವು ಸ್ಥಾನಗಳಲ್ಲಿ ಬೋರಾನನ್ನು ಸೇರಿಸಿದಾಗ ಕ್ರಮದ ಉಷ್ಣತೆ ಸುಮಾರು 400 ಕೆಲ್ವಿನ್‌ಗೆ, ಅಂದರೆ 127 ಡಿಗ್ರಿ ಸೆಲ್ಸಿಯಸ್‌ನ ಹತ್ತಿರಕ್ಕೆ ಏರುತ್ತದೆ ಎಂಬುದನ್ನು 2014ರಲ್ಲಿ ತೆಳುಪದರಗಳಲ್ಲಿ ತೋರಿಸಲಾಗಿದೆ. ಉಪಕರಣಗಳ ಒಳಶಾಖವನ್ನೂ ದೋಆಬ್‌ನ ಬೇಸಿಗೆಯನ್ನೂ ಅದು ತಾಳಿಕೊಳ್ಳಬಲ್ಲದು. ಧ್ರುವೀಕರಣದ ಅಲ್ಪತೆ ಮಾತ್ರ 1961ರಲ್ಲಿ ಇದ್ದಂತೆಯೇ ಇದೆ.